ಮೂರನೇ ಹಲಗೆ

ಸಂತೇಪೇಟೆಯ ಒಳಗಲ್ಲಿ, ಬೀಗದ ಅಂಗಡಿಯ ಪಕ್ಕ,
ಕೈ ಚಾಚಿದರೆ ಎರಡೂ ಗೋಡೆ ಸಿಗುವ ನನ್ನ ರಿಪೇರಿ ಅಂಗಡಿ.
ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮಾತು ಬಿಟ್ಟ ರೇಡಿಯೋ,
ಗೇಮಿನ ಡಬ್ಬಿಗಳೂ ಬರುತ್ತವೆ,
ಪರೀಕ್ಷೆ ಮುಗಿದ ತಿಂಗಳು ಜಾಸ್ತಿ.

ಮೊನ್ನೆ ಬಂದವರು ಇಬ್ಬರು:
ಆಸ್ಪತ್ರೆಯ ನರ್ಸ್ ತಿಪ್ಪೇರುದ್ರಮ್ಮ
(ವಾರ್ಡಿನವರ ಬಾಯಲ್ಲಿ ರುದ್ರಿ ಸಿಸ್ಟರ್),
ಹಿಂದೆ ಮೀಸೆ ಚಿಗುರುತ್ತಿರುವ ಮಗ ಚಿರಂತ್.
‘ಹೊಸ ಡಬ್ಬಿ ಕೆಟ್ಟಿದೆ’ ಅಂದರು ಅಮ್ಮ.
‘ಕೆಟ್ಟಿಲ್ಲ’ ಅಂದ ಮಗ.

ಹಳೇ ಡಿಸ್ಕನ್ನು ಅದರ ಬಾಯಿಗಿಟ್ಟೆ.
ಒಳಗೆಳೆದುಕೊಂಡಿತು, ಎರಡು ಸಲ ಗುರ್ ಅಂದಿತು,
ಹೊರಗೆ ತಳ್ಳಿತು.
ಕಿಂಡಿಯಲ್ಲಿ ತಲೆ ತೂರಿಸಿದರೆ ಏನಾಗುತ್ತದೆಂದು
ದುರ್ಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೆ ಬಂದದ್ದು ಶತ್ರುವಲ್ಲವಲ್ಲ,
ಮನೆಯದೇ ಜೀವ, ತಡವಾಗಿ ಬಂದದ್ದು.

‘ಹೊಸದು ಯಾಕೆ ಅಂಕಲ್ ಹಳೇದನ್ನ ಹೊರಬೇಕು?
ರೇಟು ಏರುತ್ತೆ, ಡಬ್ಬಿ ಕಾಯುತ್ತೆ.
ಅದೇ ಆಟ ಹೊಸ ಬಣ್ಣ ಬಳಿದು ಮಾರ್ತಾರೆ,
ಮೂರು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ.’
ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ.
ವಾಲ್ವಿನ ರೇಡಿಯೋಗಳನ್ನು ತೂಕಕ್ಕೆ ಹಾಕಿದವನು ನಾನೇ.
ಅಪ್ಪ ಬೈದದ್ದು ನೆನಪಿದೆ,
ಯಾವ ರೇಡಿಯೋಗೆ ಅನ್ನುವುದು ಮರೆತಿದೆ.

ರುದ್ರಿ ಸಿಸ್ಟರ್ ಕೇಳಿದ್ದು ಒಂದೇ:
‘ಆ ಹೊಸದರಲ್ಲಿ ನನ್ನ ಸೇತುವೆ ಇರುತ್ತಾ?’

ಕುಳ್ಳ ಬಡಗಿಯೊಬ್ಬ ಹಳ್ಳಕ್ಕೆ ಹಲಗೆ ಹಾಸುವ ಆಟ.
ಹದಿನಾರು ವರ್ಷದ ಹಿಂದೆ,
ತಮ್ಮನ ಡಬ್ಬಿಯಲ್ಲಿ, ನಿದ್ದೆ ಬಾರದ ಒಂದು ರಾತ್ರಿ,
ಎರಡು ಹಲಗೆ ಹಾಸಿ ಮೂರನೆಯದನ್ನು ಎತ್ತಿದಾಗ
ನಡು ಹಿಡಿದುಕೊಂಡಿತು.
‘ಸೇವ್ ಮಾಡು’ ಎಂದು ತಮ್ಮನಿಗೆ ಕೂಗಿ ಆಟೋ ಹತ್ತಿದವರು
ಬೆಳಗಿನ ಜಾವ ಇವನನ್ನು ಹೆತ್ತರು.
ಆಮೇಲೆ ಪಾಳಿ, ಹಾಲು, ಪಾಳಿ, ಸ್ಕೂಲು, ಪಾಳಿ.
ಬಡಗಿ ಹಲಗೆ ಹೊತ್ತು ಇನ್ನೂ ನಿಂತಿದ್ದಾನೆ,
ಉಗುರಿನಗಲದ ಮೆಮೊರಿ ಕಾರ್ಡಿನಲ್ಲಿ.

ಹುಡುಗ ಶೂ ಲೇಸು ನೋಡುತ್ತಿದ್ದ.
ಅವನಿಗೂ ಇದು ಹೊಸ ಸುದ್ದಿ.

ನಾನೆಂದೆ: ಮೇಲೆ ಕೋಟೆ ನೋಡಿದ್ದೀಯಲ್ಲ,
ಹೊರಸುತ್ತು ಎದ್ದಿತೆಂದು ಒಳಸುತ್ತು ಕೆಡವಲಿಲ್ಲ.
ಬಾಗಿಲು ದಾಟಿದರೆ ಅದಕ್ಕಿಂತ ಹಳೇ ಬಾಗಿಲು,
ಸುತ್ತು ಬಳಸಿಯಾದರೂ ಬುಡಕ್ಕೆ ದಾರಿ ಉಂಟು.
ಅವನೆಂದ: ‘ಆದ್ರೂ ಕೋಟೆ ಸೋತಿತಲ್ಲ ಅಂಕಲ್.’
ಉತ್ತರ ಹೊಳೆಯಲಿಲ್ಲ. ಚಹಾ ತರಿಸಿದೆ.

ಅಟ್ಟದಲ್ಲಿ ಅದೇ ಜಾತಿಯ ಸತ್ತ ಡಬ್ಬಿ ಎರಡು.
ಒಂದರ ಲೆನ್ಸು, ಇನ್ನೊಂದರ ಮೋಟರು,
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ,
ಎರಡು ದಿನ, ಬೆಸುಗೆಯ ಹೊಗೆ.
ಇವತ್ತು ಸಂಜೆ ಏಳಕ್ಕೆ ಟೀವಿ ನೀಲಿಯಾಯಿತು,
ಆಮೇಲೆ ಹಸಿರು,
ಆಮೇಲೆ ಹಳ್ಳ.
ಮಾಸಿದ ಚಿತ್ರ, ಗೋಧಿಕಾಳಿನಂಥ ಚುಕ್ಕೆಗಳು,
ನಡುವೆ ಅವನು, ತಲೆಯ ಮೇಲೆ ಹಲಗೆ.

ಯೂನಿಫಾರ್ಮಿನಲ್ಲೇ ಸ್ಟೂಲಿನ ಮೇಲೆ ಕೂತರು.
ಹಿಡಿಕೆ ಕೈಗೆ ಬಂತು.
ಬೆರಳು ಗುಂಡಿಗಳ ಮೇಲೆ ಹೋಯಿತು, ಬಂತು,
ಮತ್ತೆ ಹೋಯಿತು.
‘ಇಳಿಸೋದು ಯಾವುದು?’
ನರ ಹುಡುಕಿ ಸೂಜಿ ಚುಚ್ಚುವ ಕೈ,
ಕತ್ತಲಲ್ಲೂ ನಾಡಿ ತಪ್ಪದ ಕೈ,
ಈ ಒಂದನ್ನು ಬಿಟ್ಟುಕೊಟ್ಟಿತ್ತು.
ಹಳೇ ಆಟಕ್ಕೆ ಈಗಿನ ಕೈ ಒಗ್ಗಲಿಲ್ಲ,
ಇದಕ್ಕೆ ಯಾವ ಕಂಪನಿಯನ್ನು ಬೈಯಲಿ ನಾನು?

ಒತ್ತಿದರು. ಬಡಗಿ ಹಲಗೆ ಸಮೇತ ಹಳ್ಳಕ್ಕೆ ಬಿದ್ದ.
ಬುಳಕ್ ಎಂದು ಆ ಕಾಲದ ಸದ್ದು.
ರುದ್ರಿ ಸಿಸ್ಟರ್ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.
ಮಗ ತನ್ನ ಫೋನು ಜೇಬಿಗೆ ಹಾಕಿ
‘ಇರು, ಇದನ್ನ ಒತ್ತಿ ನೋಡು’ ಎಂದು ಬಗ್ಗಿದ.
ಅವನೂ ತಪ್ಪು ಗುಂಡಿಯನ್ನೇ ಒತ್ತಿದ.

ಒಂಬತ್ತಕ್ಕೆ ಬಾಗಿಲೆಳೆಯುವವನು ನಾನು.
ಇವತ್ತು ಅರ್ಧ ಎಳೆದು,
ಮುನ್ನೂರೈವತ್ತರ ಬಿಲ್ಲು ಬರೆದು ಹರಿದು,
ಹೊರಗಿನ ಕಟ್ಟೆಯ ಮೇಲೆ ಕೂತಿದ್ದೇನೆ.
ಒಳಗೆ ಮತ್ತೆ: ಬುಳಕ್.