ಕಿರುಬೆರಳು

ಬೋಟಿಗೆ ಅರವತ್ತೊಂದು ದಿನ ರಜೆ.
ಮಗಳ ರಜೆಯಲ್ಲಿ ಉಳಿದದ್ದು ಐದು.

ಬೈತಕೋಲದ ಧಕ್ಕೆಯಲ್ಲಿ ಪರ್ಸಿನ್ ಬೋಟುಗಳು
ಭುಜಕ್ಕೆ ಭುಜ ತಾಗಿಸಿ ನಿಂತಿವೆ,
ಪ್ರಾರ್ಥನೆಗೆ ಸಾಲು ಕಟ್ಟಿದ ಹುಡುಗರ ಹಾಗೆ,
ಒಂದನ್ನೊಂದು ಮೆಲ್ಲಗೆ ತಳ್ಳುತ್ತ.
ನನ್ನ ಕೈ ಖಾಲಿ.
"ಹುಡುಗಿಯನ್ನು ತಯಾರು ಮಾಡು ಹಾಗಾದರೆ,"
ಬುಟ್ಟಿ ಎತ್ತಿಕೊಳ್ಳುತ್ತ ರೇಷ್ಮಾ ಅಂದಳು,
"ಬಲೆ ಎಲ್ಲಿಗೂ ಓಡಿಹೋಗುವುದಿಲ್ಲ."

ಮೊದಲು ಡಬ್ಬಿ.
ಸ್ಟೀಲಿನದು, ಹೊಸತು, ಮುಚ್ಚಳ ಬಿಗಿ.
ನಾನೇ ತೆಗೆದುಕೊಟ್ಟರೆ ಅದು ಪಾಠವಲ್ಲ, ಸುಮ್ಮನೆ ಕೂತೆ.
ಪೂರ್ವಾ ಅದನ್ನು ಹೊಟ್ಟೆಗೆ ಒತ್ತಿ, ಹಲ್ಲು ಕಚ್ಚಿ
ತಿರುಚಿದಳು, ತಿರುಚಿದಳು,
ಅವಲಕ್ಕಿ ಅಂಗಳದ ಪಾಲು.
ಆ ವಾರ ನಮ್ಮ ಕಾಗೆಗಳು ದಪ್ಪಗಾದವು.

ಎಡದ ಚಪ್ಪಲಿಗೆ ಬೋಟಿನ ಬಣ್ಣದ್ದೇ ನೀಲಿ ಚುಕ್ಕೆ ಇಟ್ಟೆ.
"ಇದು ಊಟ ಮಾಡದ ಕೈಯ ಕಡೆಗೆ."
ಎರಡೂ ಕೈ ನೋಡಿಕೊಂಡಳು.
"ಈಗ ಎರಡೂ ಊಟ ಮಾಡ್ತಾ ಇಲ್ವಲ್ಲ."

ಮಾತು ಬೇರೆ. ಮನೆಯಲ್ಲಿ ಉದಾಕ್, ಅಲ್ಲಿ ನೀರು.
ಪಾವ್ಸ್ ಬಂದರೆ ಅಲ್ಲಿ ಮಳೆ.
"ಮಾಜರ್?"
ಬೆಕ್ಕು.
"ನಮ್ಮ ಮಾಜರಕ್ಕೆ ಗೊತ್ತುಂಟಾ, ತಾನು ಬೆಕ್ಕು ಅಂತ?"
ಇಲ್ಲ ಮಗಾ. ಅದಕ್ಕೆ ಶಾಲೆ ಇಲ್ಲ.

ಉಲ್ಲಾಸನ ಮಗನಿಗೆ ನೂರರ ತನಕ ಎಣಿಕೆ ಬರುತ್ತದಂತೆ,
ಹಿಂದಿನಿಂದಲೂ ಬರುತ್ತದಂತೆ.
ಬರಲಿ.
ನಾನು ಕಲಿಸಿದ್ದು ಒಂದೇ ವಾಕ್ಯ,
ಕಿರುಬೆರಳು ಎತ್ತಿ, ಗಟ್ಟಿಯಾಗಿ, ನಾಚದೆ:
"ಅಕ್ಕೋರೇ, ಒಂದಕ್ಕೆ ಹೋಗಿ ಬರ್ಲಾ?"
ಗೋಡೆಗೆ ಹೇಳಿಸಿದೆ, ತೆಂಗಿನ ಮರಕ್ಕೆ ಹೇಳಿಸಿದೆ,
ಬಿಸಿಲಲ್ಲಿ ಬಿದ್ದಿದ್ದ ಮಾಜರಕ್ಕೂ.

ಇಷ್ಟು ಸಲ ಯಾಕೆ, ಮಗಳು ಕೇಳಲಿಲ್ಲ.
ರೇಷ್ಮಾ ಕೇಳಿದಳು, ರಾತ್ರಿ.
ಬಲೆಯಲ್ಲಿ ಹರಿದ ಕಣ್ಣು ಹುಡುಕುವವನಂತೆ
ತಲೆ ಬಗ್ಗಿಸಿದೆ.

ಒಂದನೇ ಇಯತ್ತೆ. ಕಿಟಕಿಯ ಪಕ್ಕ ಮೂರನೆಯವನು ನಾನು.
ಘಟ್ಟದ ಮೇಲಿಂದ ಬಂದ ಮಾಸ್ತರು, ಕೆಟ್ಟವರಲ್ಲ,
ಕೊಂಕಣಿ ತಿಳಿಯದು, ಅಷ್ಟೇ.
ನಾನು ಕೇಳಿದೆ, ನನ್ನ ಮಾತಿನಲ್ಲಿ.
ಅವರು ನಕ್ಕು, "ಜಾಣ, ಕೂತ್ಕೋ" ಅಂದರು.
ಮತ್ತೆ ಕೇಳಿದೆ.
"ಕೂತ್ಕೋ."
ಕೂತೆ.
ಹಲಗೆಯ ಮೇಲೆ ಬೆಚ್ಚಗೆ ಹರಿದು
ಎರಡನೆಯವನ ಪಾಟಿಚೀಲ ಮುಟ್ಟಿತು.
ನಗು ಎಲ್ಲಿಂದ ಶುರುವಾಯಿತೋ ಕಾಣಲಿಲ್ಲ.
ಮೂರನೇ ಇಯತ್ತೆಗೆ ಸಾಕು ಅಂದುಕೊಂಡೆ.
ಸಮುದ್ರದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ,
ಅದಕ್ಕೇ ಹೋದೆನೋ ಏನೋ.

ಭಾನುವಾರ ಸಂಜೆ ಮಳೆ ಬಿಟ್ಟಿತು.
ಹಳೆ ಬಲೆಯ ಬೆಂಡುಗಳನ್ನೆಲ್ಲ ಜಗುಲಿಯಲ್ಲಿ ಸಾಲಾಗಿ ಕೂರಿಸಿ
ಪೂರ್ವಾ ಅಕ್ಕೋರಾಗಿದ್ದಾಳೆ.
ಹದಿನೇಳು ಬೆಂಡು, ಕೊನೆಯಲ್ಲಿ ನಾನು.
ಕೆಂಪು ಬೆಂಡಿಗೆ ಬೈಗುಳ, ಉರುಳಿತೆಂದು.
ನನಗೆ ಏನಾಯಿತೋ,
ಕಿರುಬೆರಳು ಎತ್ತಿದೆ.

"ಬಾಯಿಂದ ಹೇಳು."

ಹೇಳಿದೆ.
ಗಂಟಲು ಕಟ್ಟಿ ಅರ್ಧ ಒಳಗೇ ಉಳಿಯಿತು.
ಅವಳು ಬೆಂಡುಗಳ ಕಡೆ ನೋಡಿದಳು, ಯಾರೂ ನಗಲಿಲ್ಲ.
ನನ್ನ ಕಡೆ ನೋಡಿದಳು, ಗಂಭೀರವಾಗಿ.
"ಹೋಗು. ಬೇಗ ಬಾ."

ಎದ್ದೆ. ಅಂಗಳ ದಾಟಿ
ತೆಂಗಿನ ಬುಡದ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತು,
ಬೇಗ ಬಂದೆ.