ಫರಸಿ

ಮೊದಲ ದಿನವೇ ಹೇಳಿದ್ದೆ: ಈ ಆಟದಲ್ಲಿ ಮಾತಿಲ್ಲ,
ನಾಂದಿಯಿಂದ ಮಂಗಳದ ತನಕ ಬರೀ ಹಾಡು.
'ಅಂದ್ರ ನೀರು ಕೇಳೋದೂ ಹಾಡಿನಾಗೇನ್ರಿ ಟೀಚರ್?'
ಹೌದು ಅಂದೆ. ಅದೇ ತಪ್ಪಾಯಿತು.
ಮರುದಿನದಿಂದ ಶಹಾಬಾದಿನ ಹಳೇ ಪಾಲಿಶ್ ಶೆಡ್ಡಿನಲ್ಲಿ
ಚಪ್ಪಲಿ ಕಳೆದದ್ದು, ಪೆನ್ನು ಕದ್ದದ್ದು,
ಒಂದಕ್ಕೆ ಹೋಗಬೇಕಾದದ್ದು,
ಎಲ್ಲ ಭೀಮಪಲಾಸಿನಲ್ಲಿ.

ಹದಿನೇಳು ಮಕ್ಕಳು. ಖಣಿಯವರ ಮಕ್ಕಳು, ರೈಲ್ವೆಯವರ ಮಕ್ಕಳು,
ಯಾರ ಮಗಳೆಂದು ಕೊನೆಯವರೆಗೂ ಗೊತ್ತಾಗದ ಒಬ್ಬಳು.
ತಬಲಾಕ್ಕೆ ನಿವೃತ್ತ ಪಾಯಿಂಟ್ಸ್‌ಮನ್ ಗುಂಡೇರಾವ್;
ಲಯ ತಪ್ಪಿದರೆ ಕೆಂಪು ಕರವಸ್ತ್ರ ತೋರಿಸುವರು.

ಕಥೆ ನಮ್ಮ ನಮ್ಮ ಮನೆಯ ನೆಲದ್ದು.
ಈ ಕಲ್ಲು ಒಂದು ಕಾಲಕ್ಕೆ ಕಡಲ ತಳ.
ಅಡುಗೆಮನೆಯ ಫರಸಿಯಲ್ಲಿ ತೆರೆಯ ಗೆರೆ ಇನ್ನೂ ಇದೆ,
ಅದರ ಮೇಲೆ ಕೂತೇ ರೊಟ್ಟಿ ಬಡಿಯುತ್ತೇವೆ.
ಕಡಲನ್ನು ನಮ್ಮಲ್ಲಿ ಒಬ್ಬರೂ ಕಂಡಿಲ್ಲ.
'ಕಾಗಿಣಾಕಿಂತ ದೊಡ್ಡದೇನ್ರಿ?' ಅಂದಳು ಅಫ್ರೀನ್.

ಅಲೆಯ ಪಾತ್ರ ಮೌನೇಶನದು.
ಅವನು ಎತ್ತಿದರೆ ತಗಡಿನ ಮೇಲಿನ ಪಾರಿವಾಳ
ಕತ್ತು ಓರೆ ಮಾಡಿ ಕೂರುತ್ತಿತ್ತು.
ಆ ಕೊರಳಿಗೆಂದೇ ಬರೆದ ಸಾಲು, ತಾರ ಷಡ್ಜ ದಾಟಿ
ಇನ್ನೂ ಎರಡು ಮೆಟ್ಟಿಲು:
ಮರಳುವೆನು, ಮರಳಾಗಿ ಮರಳುವೆನು.

ಆಟಕ್ಕೆ ಹನ್ನೊಂದು ದಿನ ಇರುವಾಗ
'ಮರ—' ಅಂತ ಎತ್ತಿದವನ ದನಿ ಒಡೆಯಿತು.
ಮಕ್ಕಳು ನಕ್ಕರು. ಅವನೂ ನಕ್ಕ. ಇನ್ನೊಮ್ಮೆ ಎತ್ತಿದ.
ಈ ಸಲ ಯಾರೂ ನಗಲಿಲ್ಲ.

ಶ್ರುತಿ ಇಳಿಸಿದೆ, ಕರಿ ನಾಲ್ಕರಿಂದ ಕರಿ ಎರಡಕ್ಕೆ, ಕರಿ ಒಂದಕ್ಕೆ,
ಬಾವಿಗೆ ಹಗ್ಗ ಬಿಟ್ಟ ಹಾಗೆ.
ಕೊಡ ನೀರಿಗೆ ತಾಗಲಿಲ್ಲ.
ನಾಲ್ಕು ದಿನ ಅವನು ಬರಲಿಲ್ಲ.

ಐದನೆಯ ದಿನ ಖಣಿಗೆ ಹೋದೆ.
ಅವನಪ್ಪ ಭೀಮಶಾ ಹಾಸು ಎಬ್ಬಿಸುತ್ತಿದ್ದ,
ಎಬ್ಬಿಸಿದ್ದಕ್ಕೆಲ್ಲ ಸುತ್ತಿಗೆಯ ತುದಿಯಿಂದ
ಒಂದು ಸಣ್ಣ ಏಟು, ಕಿವಿ ಹತ್ತಿರ ತಂದು.
'ಠಣ್ ಅಂದ್ರ ಗಟ್ಟಿ. ದಬ್ ಅಂದ್ರ ಒಳಗ ಬಿರುಕ ಅದ.
ಹುಡುಗಂದು ಎರಡೂ ಅನ್ಲಕತ್ತದ ಟೀಚರ್.
ಇಂಥಾದ್ದು ನಾ ಕೇಳಿಲ್ಲ.'
'ಪದರು ಬಿಡ್ಲಕತ್ತಿರಬೇಕು,' ಅಂದೆ,
ಕಲ್ಲು ಬಲ್ಲವಳಂತೆ.

ಅಲೆ ಈಗ ಅಫ್ರೀನಳದು. ಕಲಿಸಿದವನು ಮೌನೇಶನೇ,
ಬಾಯಿ ತೆರೆಯದೆ, ಕೈ ಏರಿಸಿ, ಕೈ ಇಳಿಸಿ,
ಉಸಿರು ಎಲ್ಲಿ ಬೇಕೋ ಅಲ್ಲಿ ತನ್ನ ಎದೆ ತಟ್ಟಿಕೊಂಡು.
ಅವನಿಗೆ ಕಲ್ಲಿನ ಪಾತ್ರ ಬರೆದೆ. ಒಂದೇ ಸಾಲು, ಮಂದ್ರದಲ್ಲಿ.
'ಭಾಳ ಸಣ್ಣದಾಯ್ತಲ್ರಿ,' ಅಂದ.
'ಕಲ್ಲು ಎಷ್ಟು ಮಾತಾಡ್ತದಪ್ಪ?'
ಅವನು ನಗಲಿಲ್ಲ. ನನ್ನ ಹಾಸ್ಯ ನನ್ನ ಹತ್ತಿರವೇ ಉಳಿಯಿತು.

ಆಟದ ರಾತ್ರಿ ಶೆಡ್ ತುಂಬ ಜನ.
ಅಮ್ಮಂದಿರ ಆರು ನೀಲಿ ಸೀರೆ ಜೋಡಿಸಿದ ಕಡಲು,
ನಡುವೆ ಒಂದು ಕಡೆ ಅರಿಶಿನದ ಕಲೆ.
ಅಫ್ರೀನ್ ಏರಿದಳು, ಒಂದು ಮೆಟ್ಟಿಲೂ ತಪ್ಪದೆ.
ತುದಿಯ ಮೆಟ್ಟಿಲಲ್ಲಿ ಮೌನೇಶನ ತುಟಿ ಆಡಿದ್ದು
ಪೇಟಿಯ ಮರೆಯಿಂದ ನನಗೆ ಕಂಡಿತು.

ಆಮೇಲೆ ಅವನ ಸಾಲು:
ಹೋಗಿ ಬಾ. ಗೆರೆ ಇಟ್ಟುಕೊಂಡಿರುತ್ತೇನೆ.
ಅರ್ಧ ಮಾತ್ರೆ ತಡ. 'ಗೆರೆ'ಯಲ್ಲಿ ಮತ್ತೆ ಒಡೆದು,
ಕೆಳಗಿಳಿದು ಎಲ್ಲೋ ನಿಂತಿತು.
ನನ್ನ ಪೇಟಿಯಲ್ಲಿ ಆ ಮನೆ ಇಲ್ಲ.
ಗುಂಡೇರಾವ್ ಕರವಸ್ತ್ರ ತೆಗೆಯಲಿಲ್ಲ.

ಹಿಂದುಗಡೆ, ಕುರ್ಚಿ ಬಿಟ್ಟು ನೆಲಕ್ಕೇ ಕೂತಿದ್ದ ಭೀಮಶಾ
ಬಗ್ಗಿ, ಬೆರಳ ಗೆಣ್ಣಿನಿಂದ
ಫರಸಿಗೆ ಒಂದು ಸಣ್ಣ ಏಟು ಹಾಕಿ
ಕಿವಿಗೊಟ್ಟ.

ಏನು ಕೇಳಿಸಿತೋ.
ಮುಂದಿನ ಹಾಡಿಗೆ ನಾನು ತಿದಿ ಒತ್ತಬೇಕಿತ್ತು.