ಹನ್ನೊಂದು ಭಾನುವಾರ

ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ
ಒಂದೇ ಫೋನಿನಲ್ಲಿ ಸಿಕ್ಕಿತು.
ಮನೆ ಸಿಗಲಿಕ್ಕೆ ಹನ್ನೊಂದು ಭಾನುವಾರ.

ಅಲ್ಲಿಯತನಕ ನಾನಿದ್ದದ್ದು ಫ್ಯಾಕ್ಟರಿಯ ಹಿಂದಿನ ಖೋಲಿಯಲ್ಲಿ;
ರಾತ್ರಿಯಿಡೀ ಕಂಪ್ರೆಸರಿನ ನಡುಕ
ಗೋಡೆಯಲ್ಲಿ, ತಲೆದಿಂಬಿನಲ್ಲಿ, ಹಲ್ಲಿನ ಬುಡದಲ್ಲಿ.

ಬೆತೂಲಿನಲ್ಲಿ ಮನೆಗಳಿಗೇನು ಬರವಿಲ್ಲ.
ಹೊಳೆಗೆ ಬೆನ್ನು ಕೊಟ್ಟು ರಸ್ತೆ ನೋಡುತ್ತ ಕೂತವು,
ಬೀಗ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡವು.
ಒಡೆಯರು ಲಂಡನ್ನಿನಲ್ಲಿ, ಹಡಗಿನಲ್ಲಿ,
ಇಲ್ಲವೇ ಮಡಗಾಂವ ಕೋರ್ಟಿನಲ್ಲಿ.
ಕೀಲಿ ಯಾರ ಹತ್ತಿರ ಎಂದು ಕೇಳಿದರೆ
ಎಲ್ಲರ ಬೆರಳೂ ಪಕ್ಕದ ಮನೆಗೆ.

"ಜೂನಿಗೆ ಬನ್ನಿ, ಸೆಪ್ಟೆಂಬರಿಗೆ ಬಿಡಿ,"
ಎಂದ ಕಾರ್ಮೊ, ಸ್ಕೂಟರಿನಿಂದ ಇಳಿಯದೆ.
"ನಿಮ್ಮ ಒಂದು ತಿಂಗಳ ದುಡ್ಡು
ಸೀಸನ್ನಿನಲ್ಲಿ ನನಗೆ ಮೂರು ರಾತ್ರಿ."
ಲೆಕ್ಕದವಳು ನಾನು,
ನಿಂತಲ್ಲೇ ಭಾಗಿಸಿ ನೋಡಿದೆ.
ಸರಿಯಾಗಿಯೇ ಇತ್ತು.
ಸಿಟ್ಟು ಬಂದದ್ದು ಅದಕ್ಕೇ.

ಇನ್ನೊಂದು ಮನೆಯಲ್ಲಿ:
ಗಂಡ?
ಇಲ್ಲ.
ಇಲ್ಲ ಅಂದರೆ, ಆಮೇಲೆ ಬರ್ತಾರಾ?
ಬರೋದಿಲ್ಲ.
ಬಾಗಿಲು ಮುಚ್ಚಿಕೊಂಡಿತು ಮೆಲ್ಲಗೆ,
ಗಾಳಿಯೇ ಮುಚ್ಚಿತೇನೋ ಎಂಬಷ್ಟು ಮರ್ಯಾದೆಯಿಂದ.

ಮತ್ತೊಬ್ಬನ ಮನೆ ಫೋನಿನಲ್ಲಿ ಖಾಲಿಯೇ ಇತ್ತು,
ನನ್ನ ಊರು ಯಾವುದು ಎಂದು ಕೇಳುವವರೆಗೆ.
ಬ್ಯಾಡಗಿ, ಅಂದೆ.
ಒಳಗೆ ಯಾರಿಗೋ ಹೇಳಿದ: "ಘಾಂಟಿ."
ಫೋನಿನ ಬಾಯಿಗೆ ಕೈ ಅಡ್ಡ ಹಿಡಿಯಲು ಮರೆತಿದ್ದ.
ಘಟ್ಟದ ಮೇಲಿನವಳು, ಹೌದಪ್ಪ,
ಅದು ಭೂಗೋಳ; ಅವನ ನಾಲಿಗೆಯಲ್ಲಿ ಬೈಗುಳ.
ಅವನ ಅಡುಗೆಮನೆಯ ಡಬ್ಬಿಯೊಳಗೆ
ನಮ್ಮೂರ ಮೆಣಸಿನಕಾಯಿ
ಬಾಡಿಗೆ ಕೊಡದೆ ಎಷ್ಟು ವರ್ಷದಿಂದ ಇದೆಯೋ.

ಎರ್ಮೆಲಿಂದ ಬಾಯಿ ಗಂಡನನ್ನು ಕೇಳಲಿಲ್ಲ, ಊರನ್ನೂ.
ಜಗಲಿಯ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ
ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ
ಒಂದೇ ಮಾತು ಕೇಳಿದಳು:
"ಮೀನು ತಿಂತೀಯಾ?
ಮೊದಲಿದ್ದವರು ತಿನ್ನುತ್ತಿರಲಿಲ್ಲ.
ನಾನು ಸಿಗಡಿ ಒಣಹಾಕಿದರೆ ಸಾಕು,
ಕಿಟಕಿಯಲ್ಲಿ ಊದಿನಕಡ್ಡಿ.
ನನ್ನ ಅಂಗಳದಲ್ಲಿ ನನಗೇ!"

"ತಿಂತೀನಿ," ಅಂದುಬಿಟ್ಟೆ.
ಕುಪ್ಪಸದೊಳಗೆ ಶಿವದಾರ ಒಮ್ಮೆ ತುರಿಸಿತು.

ಎರಡು ತಿಂಗಳ ಮುಂಗಡ,
ಪೊಲೀಸು ಫಾರ್ಮಿಗೆ ಎರಡು ಫೋಟೊ.
ಬಾವಿ ನೀರು ಫೆಬ್ರುವರಿತನಕ ಸಿಹಿ, ಆಮೇಲೆ ಉಪ್ಪು.
ಹಂಚಿನ ಮೂರನೆಯ ಸಾಲು ಸೋರುತ್ತದೆ; ಬಕೆಟ್ಟು ನನ್ನದೇ ತರಬೇಕು.
ಕಿಟಕಿಗೆ ಗಾಜಿಲ್ಲ, ಚಿಪ್ಪು ಕೂರಿಸಿದ್ದಾರೆ.
ಬೆಳಕು ಒಳಗೆ ಬರುವುದು
ಹಾಲಿಗೆ ನೀರು ಬೆರೆಸಿದ ಹಾಗೆ.

ಅವತ್ತು ರಾತ್ರಿ ತಟ್ಟೆಯ ಮೇಲೆ ತಟ್ಟೆ ಮುಚ್ಚಿ
ಬಂಗಡೆ ಸಾರು ತಂದಿಟ್ಟು ಹೋದಳು,
ಒಂದೊಂದು ಮೆಟ್ಟಿಲಿಗೂ ನರಳುತ್ತ.
ಅದೇ ಹೊತ್ತಿಗೆ ಅವ್ವನ ಫೋನು.
ಮನಿ ಸಿಕ್ತೇನ?
ಸಿಕ್ತು.
ಮಂದಿ ಹೆಂಗದಾರ?
ಉಣ್ಣಾಕ ಕೊಟ್ಟಾರ.
ಮತ್ತ ಉಣ್ಣಲ್ಲ, ಕೂಳಿಗೆ ಯಾಕ ಸೊಕ್ಕು?

ಎಷ್ಟೋ ಹೊತ್ತು ನೋಡಿದೆ.
ಮೀನಿನ ಕಣ್ಣೂ ನನ್ನನ್ನೇ ನೋಡುತ್ತಿತ್ತು,
ಮುಂಗಡ ಕೊಟ್ಟಾಗಿದೆ ಎಂದು ಗೊತ್ತಿದ್ದಂತೆ.
ಕೊನೆಗೆ ಬಾವಿಯ ಹಿಂದೆ, ಬೆಕ್ಕಿಗೆ.

ಬೆಕ್ಕಿಗೆ ಗುಟ್ಟು ಎಲ್ಲಿ ನಿಲ್ಲುತ್ತದೆ?
ಮುಳ್ಳು, ತಲೆ, ಬಾಲ ಸಮೇತ
ಬೆಳಿಗ್ಗೆ ಅವಳ ಹೊಸ್ತಿಲ ಮೇಲೆಯೇ ಬಿಟ್ಟಿತ್ತು.

ತಟ್ಟೆ ತೊಳೆದು ಮರಳಿಸಲು ಹೋದೆ.
ಎರ್ಮೆಲಿಂದ ಬಾಯಿ ತಟ್ಟೆ ನೋಡಿದಳು, ನನ್ನನ್ನು ನೋಡಿದಳು,
ಮಾತಿಲ್ಲದೆ ಹೊಸ್ತಿಲು ಗುಡಿಸಿದಳು.
ಗುಡಿಸಿ ಮುಗಿದ ಮೇಲೆ,
ಕಸಬರಿಗೆ ಗೋಡೆಗೆ ಆನಿಸುತ್ತ:
"ಸುಳ್ಳಿಗೆ ತಿಂಗಳಿಗೆ ಇನ್ನೂರು ಜಾಸ್ತಿ."

ಕೊಡುತ್ತಿದ್ದೇನೆ.
ನನ್ನ ಪುಸ್ತಕದಲ್ಲಿ ಅದನ್ನು
ಬಾಡಿಗೆಗೆ ಸೇರಿಸಲೋ, ದಂಡಕ್ಕೋ, ಊಟದ ಖರ್ಚಿಗೋ
ಇನ್ನೂ ಇತ್ಯರ್ಥವಾಗಿಲ್ಲ;
ಆ ಸಾಲಿನ ಮುಂದೆ ಜಾಗ ಖಾಲಿ.

ಈಗ ಏಪ್ರಿಲ್. ಬಾವಿ ನೀರು ಉಪ್ಪಾಗಿದೆ.
ಅಂಗಳದ ತುಂಬ ಸಿಗಡಿ ಒಣಗುತ್ತಿದೆ,
ವಾಸನೆ ನನ್ನ ಸೀರೆಗೂ ಕಡತಕ್ಕೂ ಹತ್ತಿದೆ.
ಮೊಣಕಾಲು ನೋವೆಂದು ಅವಳು ಒಳಗೆ ಮಲಗಿದ್ದಾಳೆ.
ಭಾನುವಾರ.
ಕಾಗೆ ಓಡಿಸುವ ಕೋಲು
ನನ್ನ ಕೈಯಲ್ಲಿ.